ಜೊತೆ ನಿಂತವರಿಗೆ, ಎದುರು ನಿಂತವರಿಗೂ

ಗ್ರಾಮ ಪಂಚಾಯಿತಿ ಸದಸ್ಯೆಯಾಗಿ ನನ್ನ ಅವಧಿ ಮುಗಿಯಿತು. 2020ರ ಡಿಸೆಂಬರ್‌ನಲ್ಲಿ ಗೆದ್ದಾಗ ಹಾರ ಹಾಕಿದವರಿಗೆಲ್ಲ ಅವತ್ತೇ ಕೈ ಮುಗಿದಿದ್ದೇನೆ. ಇವತ್ತು ಬೇರೆ ಕೆಲವರನ್ನು ನೆನೆಯಬೇಕು.

ಮೊದಲಿಗೆ, ನನ್ನ ಎದುರು ನಿಂತು ಸೋತ ಅಕ್ಕ. ನನ್ನವರ ಕಿಡ್ನಿ ಕೆಟ್ಟು, ಡಯಾಲಿಸಿಸ್‌ಗೆ ಶಿವಮೊಗ್ಗಕ್ಕೆ ಓಡಾಡುವಾಗಲೇ ಅಡಿಕೆ ಕೊಯ್ಲು ಶುರುವಾಗಿತ್ತು. ಕೊಯ್ದ ಅಡಿಕೆ ನಮಗಾಗಿ ಕಾಯುವುದಿಲ್ಲ. ಬೇಗ ಸುಲಿದು ಬೇಯಿಸಬೇಕು. ಅಕ್ಕ ತಮ್ಮ ಮನೆಯ ಕೆಲಸ ಬಿಟ್ಟು, ಹೆಂಗಸರನ್ನು ಸೇರಿಸಿಕೊಂಡು, ಅಡಿಕೆ ಸುಲಿಯುವ ಮೆಟ್ಟುಗತ್ತಿ ಸಮೇತ ನಮ್ಮ ಅಂಗಳಕ್ಕೆ ಬಂದರು. ರಾತ್ರಿ ಬಂದು ನೋಡಿದರೆ ಬೇಯಿಸಿಯೂ ಆಗಿತ್ತು. ನನಗೆ ಅಳು ಬಂತು. ಅವರು ಹೇಳಿದ್ದು ಇಷ್ಟೇ: "ಮುಂದಿನ ಸಲನೂ ನಿನ್ನ ಎದುರೇ ನಿಲ್ಲೋದು ನಾನು. ಅದು ಬೇರೆ, ಇದು ಬೇರೆ."

ಇನ್ನೊಬ್ಬರು ನಮ್ಮ ಚಿಕ್ಕಪ್ಪ. ಮನೆ ಮನೆಗೆ ಹೋಗಿ ನನಗೆ ಓಟು ಕೇಳಿದವರು. ಗ್ರಾಮಸಭೆಯಲ್ಲಿ ನಮ್ಮ ಕೇರಿಗೆ ಬೀದಿ ದೀಪದ ಮಾತು ಬಂದಾಗ ಅವರೇ ಎದ್ದು ನಿಂತರು. "ಮೇಲಿನ ಕೇರಿಗೆ ನೀರು ಬರೋ ತನಕ ಇದು ಬೇಡ" ಅಂದರು. ಎಲ್ಲರ ಎದುರಿಗೇ. ಮರುದಿನ ಬೆಳಗ್ಗೆ ನಮ್ಮನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಕಾರು ತಂದವರೂ ಅವರೇ. ರಾಜಕೀಯದಲ್ಲಿ ತಲೆಯಾಡಿಸುವವರನ್ನೇ ನಿಷ್ಠಾವಂತರು ಅಂತ ಕರೆಯುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಚಿಕ್ಕಪ್ಪನಷ್ಟು ನಂಬಬಹುದಾದವರು ನನಗೆ ಇನ್ನೊಬ್ಬರಿಲ್ಲ.

ಮೂರನೆಯವರ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು.

ನಮ್ಮಲ್ಲಿ ಪಂಚಾಯಿತಿ ಅಧ್ಯಕ್ಷರ ಅವಧಿ 30 ತಿಂಗಳು. ಅಧ್ಯಕ್ಷರನ್ನು ಆರಿಸುವುದು ಸದಸ್ಯರೇ. ಎರಡನೇ ಅವಧಿಯ ಚುನಾವಣೆಗೆ ಮುಂಚೆ, ಓಟು ಕೈತಪ್ಪದಂತೆ ಸದಸ್ಯರನ್ನು ಟ್ರಿಪ್‌ಗೆ ಕರೆದುಕೊಂಡು ಹೋಗಲು ಗಾಡಿ ಬಂತು. ಕೂಲಿ ಮಾಡಿ ಬದುಕುವ ಒಬ್ಬ ಸದಸ್ಯೆ ಹತ್ತಲಿಲ್ಲ. ಆಸೆ ತೋರಿಸಿದರು, ಹೆದರಿಸಿದರು. "ಮಾತು ಕೊಟ್ಟಾಗಿದೆ" ಅಂದು ಅಡಿಕೆ ತೋಟದ ಕೆಲಸಕ್ಕೆ ಹೊರಟುಬಿಟ್ಟರು. ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ. ಹೀಗೇ ಓಟು ಹಾಕಿ ಅಂತ ಪಕ್ಷ ಕೊಡುವ ಆಜ್ಞೆ, ಅಂದರೆ ವಿಪ್, ಇಲ್ಲ. ಗಾಡಿ ಹತ್ತಿದ್ದರೆ ಯಾರೂ ಕೇಳುವಂತಿರಲಿಲ್ಲ.

ಶಾಸಕರಿಗೆ ಪಕ್ಷಾಂತರ ತಡೆಯುವ ಕಾನೂನು ಬಂದಿದ್ದು 1985ರಲ್ಲಿ. ಆದರೂ 2019ರಲ್ಲಿ ನಮ್ಮ ಶಾಸಕರು ಮುಂಬೈ ಹೋಟೆಲ್‌ನಲ್ಲಿ ಕೂತಿದ್ದನ್ನು ಟಿವಿಯಲ್ಲಿ ನೋಡಿದ್ದೇವೆ ಅಲ್ವಾ? ಜುಲೈ 23ರ ವಿಶ್ವಾಸಮತದಲ್ಲಿ ಸರ್ಕಾರದ ಪರ 99, ವಿರುದ್ಧ 105 ಮತ. ಒಟ್ಟು 17 ಶಾಸಕರು ಅನರ್ಹರಾದರು. ಕಾನೂನು ತಡೆದರೂ ನಿಲ್ಲದವರು ಅಲ್ಲಿ, ಕೇಳುವವರಿಲ್ಲದಿದ್ದರೂ ನಿಂತ ಹೆಂಗಸು ಇಲ್ಲಿ. ಈ ತಾಯಿಗೆ ಯಾವ ಮಾತಲ್ಲಿ ಥ್ಯಾಂಕ್ಸ್ ಹೇಳಲಿ?

ನಮ್ಮ ಸಾಗರ ತಾಲ್ಲೂಕಿಗೆ ಇಂಥವರು ಹೊಸಬರಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರು ಜಮೀನ್ದಾರರ ಎದುರು ನಿಂತಾಗ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಅವರ ಜೊತೆ ನಿಂತರು. 1952ರಲ್ಲಿ ಶಾಸಕರಾದರು. ಗೆದ್ದ ಮೇಲೂ ಗೇಣಿದಾರರನ್ನು ಮರೆಯಲಿಲ್ಲ. 1972ರಲ್ಲಿ ತೀರಿಕೊಂಡರು. ಉಳುವವನಿಗೆ ಭೂಮಿ ಕೊಡುವ ತಿದ್ದುಪಡಿ ಜಾರಿಗೆ ಬಂದಿದ್ದು 1974ರಲ್ಲಿ. ನಮ್ಮ ಮಾವನವರ ಗೇಣಿ ಗದ್ದೆ ಅವರ ಹೆಸರಿಗಾಗಿದ್ದು ಆ ಕಾನೂನಿನಿಂದಲೇ. ಮಾವ ಇರುವ ತನಕ ಗೌಡರ ಹೆಸರನ್ನು ಏಕವಚನದಲ್ಲಿ ಹೇಳಿದವರಲ್ಲ. ಆ ಹಿರಿಯರಿಗೂ ನನ್ನ ನಮಸ್ಕಾರ.

ಡಯಾಲಿಸಿಸ್ ಘಟಕದ ನರ್ಸ್‌ಗಳಿಗೆ, ಸುಸ್ತಾಗಿ ಬಂದ ದಿನಗಳಲ್ಲಿ ಸುಮ್ನೆ ಬಂದು ಪಕ್ಕದಲ್ಲಿ ಕೂತ ಗೆಳತಿಯರಿಗೆ, ನಾನು ಹೋಗಲಾಗದ ಸಭೆಗಳ ಸುದ್ದಿಯನ್ನು ಮನೆಗೇ ಬಂದು ಹೇಳಿದ ಸದಸ್ಯರಿಗೆ ಋಣಿ. ನನ್ನವರು ಈಗ ಅಂಗಳದವರೆಗೆ ನಡೆಯುತ್ತಾರೆ.

ಮುಂದಿನ ಚುನಾವಣೆಗೆ ನಾನು ನಿಲ್ಲುವುದಿಲ್ಲ. ಮೀಸಲಾತಿ ಪಟ್ಟಿ ಹೇಗೆ ಬರುತ್ತದೋ ನೋಡಬೇಕು. ಗಾಡಿ ಹತ್ತದ ಆ ಸದಸ್ಯೆಗೆ ಅವಕಾಶ ಬಂದರೆ, ಮನೆ ಮನೆಗೆ ಹೋಗಿ ಓಟು ಕೇಳುವ ಕೆಲಸ ನನ್ನದು.