ಕಲಾ ವಿದ್ಯಾರ್ಥಿಗಳಿಗೂ ಸಿಯುಇಟಿ ತಯಾರಿ ಸಿಗಲಿ

ಮಾನ್ಯರೇ,

ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆ 2022ರಿಂದ ನಡೆಯುತ್ತಿರುವ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಸಿಯುಇಟಿಯಲ್ಲಿ ನಮ್ಮ ಸರ್ಕಾರಿ ಪಿಯು ಕಾಲೇಜುಗಳ ಕಲಾ ವಿದ್ಯಾರ್ಥಿಗಳು ಆರಂಭದಲ್ಲೇ ಹಿಂದೆ ಬೀಳುವಂತಾಗಿದೆ. ದೆಹಲಿ ವಿಶ್ವವಿದ್ಯಾಲಯದಂತಹ ಕಡೆ ಸೀಟು ನಿರ್ಧಾರವಾಗುವುದು ವಿಷಯವಾರು ಸಿಯುಇಟಿ ಅಂಕಗಳಿಂದ. ದ್ವಿತೀಯ ಪಿಯುಸಿಯ ಅಂಕ ಬಹುಮಟ್ಟಿಗೆ ಅರ್ಹತೆಗಷ್ಟೇ ಸೀಮಿತ. ಪ್ರಶ್ನೆಗಳಿಗೆ ರಾಷ್ಟ್ರಮಟ್ಟದ ಪಠ್ಯಪುಸ್ತಕ ರೂಪಿಸುವ ಸಂಸ್ಥೆಯಾದ ಎನ್‌ಸಿಇಆರ್‌ಟಿಯ 12ನೇ ತರಗತಿಯ ಪಠ್ಯವೇ ಆಧಾರ. ನಮ್ಮ ವಿಜ್ಞಾನ ವಿದ್ಯಾರ್ಥಿಗಳು ಓದುವುದು ಅದನ್ನೇ. ಆದರೆ ಇತಿಹಾಸ, ರಾಜ್ಯಶಾಸ್ತ್ರ ಓದುವವರ ಕೈಯಲ್ಲಿರುವುದು ರಾಜ್ಯದ ಪಠ್ಯ. ಪ್ರಬಂಧ ರೂಪದ ಉತ್ತರ ಬರೆದು ರೂಢಿಯಾದ ಮಕ್ಕಳು ಇಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಬಹು ಆಯ್ಕೆಯ ಪ್ರಶ್ನೆಗಳನ್ನು ಎದುರಿಸಬೇಕು, ತಪ್ಪಿಗೆ ಒಂದು ಅಂಕ ಕಳೆದುಕೊಳ್ಳಬೇಕು. ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು ಎಂಬುದು ಸಮಾಧಾನದ ಸಂಗತಿಯಾದರೂ, ಕನ್ನಡದಲ್ಲಿ ಅಭ್ಯಾಸ ಸಾಮಗ್ರಿ ಹುಡುಕುವವರ ಕಷ್ಟ ಅವರಿಗೇ ಗೊತ್ತು. ದುಬಾರಿ ಕೋಚಿಂಗ್ ಹಳ್ಳಿಯ ಮಕ್ಕಳಿಗೆ ದೂರದ ಮಾತು.

ಪದವಿ ಪೂರ್ವ ಶಿಕ್ಷಣ ಇಲಾಖೆಯು ಎರಡೂ ಪಠ್ಯಗಳ ವ್ಯತ್ಯಾಸ ಗುರುತಿಸಿ, ಕಲಾ ವಿಷಯಗಳಿಗೆ ಕನ್ನಡದಲ್ಲಿ ಪೂರಕ ಕೈಪಿಡಿ ಮತ್ತು ಪ್ರಶ್ನೆಕೋಶ ಹೊರತರಬೇಕು. ಪಿಯು ಪರೀಕ್ಷೆ ಮುಗಿದ ಮೇಲೆ ತಾಲ್ಲೂಕಿಗೊಂದು ಕಾಲೇಜಿನ ಕಂಪ್ಯೂಟರ್ ಕೊಠಡಿಯಲ್ಲಿ ಉಚಿತ ಅಣಕು ಪರೀಕ್ಷೆ ನಡೆಸಬೇಕು.

– ನಿವೃತ್ತ ಇತಿಹಾಸ ಉಪನ್ಯಾಸಕಿ, ಹಾವೇರಿ