ಚಳಿಗಾಲದ ಕಡಲು: ದಡದ ಮೀನುಗಾರರಿಗೂ ಮಾಹಿತಿ ಬೇಕು

ಮಾನ್ಯ ಸಂಪಾದಕರೇ,

ಡಿಸೆಂಬರ್ ಕಳೆಯುತ್ತಿದ್ದಂತೆ ಕರಾವಳಿಯ ಪುಟಗಳಲ್ಲಿ ‘ಮತ್ಸ್ಯಕ್ಷಾಮ’ ಎಂಬ ಶೀರ್ಷಿಕೆ ಕಾಣಿಸಿಕೊಳ್ಳುವುದು ವಾಡಿಕೆಯಾಗಿದೆ. ಆಳಸಮುದ್ರದ ಬೋಟುಗಳು ಬರಿಗೈಯಲ್ಲಿ ಬಂದರಿಗೆ ಮರಳಿದರೆ ಅದು ಸುದ್ದಿಯೇ; ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಅದೇ ಹೊತ್ತಿಗೆ ಮರವಂತೆ, ಕೋಡಿಬೆಂಗ್ರೆ, ಹೆಜಮಾಡಿಗಳ ದಡದಲ್ಲಿ ಕೈರಂಪಣಿ (ದಡದಿಂದಲೇ ಎಳೆಯುವ ಉದ್ದನೆಯ ಬಲೆ) ಎಳೆಯುವವರ, ನಾಡದೋಣಿಯಲ್ಲಿ ಕಂತುಬಲೆ ಬಿಡುವವರ, ಹೊಳೆ ಕಡಲನ್ನು ಸೇರುವ ಅಳಿವೆಯ ಬಾಯಲ್ಲಿ ಗಾಳ ಹಾಕುವವರ ಕಡಲು ಹೇಗಿದೆ ಎಂಬುದು ಪತ್ರಿಕೆಯಲ್ಲಿ ಸಿಗುವುದಿಲ್ಲ. ‘ಕಡಲು ಶಾಂತವಾಗಿದೆ’ ಎಂಬ ಒಂದು ಸಾಲಿನಲ್ಲಿ ಇವರೆಲ್ಲರ ಪಾಲು ಮುಗಿದುಹೋಗುತ್ತದೆ. ದಡದ ಮೀನುಗಾರಿಕೆಗೆ ಬೇಕಾದ ಮಾಹಿತಿಗೂ ದಿನಕ್ಕೊಂದು ಚಿಕ್ಕ ಚೌಕ ಕೊಡಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮಲ್ಲಿ ಚಳಿಗಾಲವೆಂದರೆ ನೀರು ತಣ್ಣಗಾಗುವ ಕಾಲವಲ್ಲ. ಜನವರಿಯಲ್ಲೂ ಮೇಲ್ನೀರಿನ ಉಷ್ಣತೆ 27–28 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಇರುತ್ತದೆ. ಆದ್ದರಿಂದ ಚಳಿಗೆ ಮೀನು ದಡ ಬಿಟ್ಟಿತು ಎಂಬ ಮಾತಿಗೆ ಆಧಾರವಿಲ್ಲ. ಬದಲಾಗುವುದು ಗಾಳಿ ಮತ್ತು ನೀರಿನ ಸೆಳೆತ. ರಾತ್ರಿಯಿಂದ ಬೆಳಗಿನ ಒಂಬತ್ತು ಹತ್ತು ಗಂಟೆಯವರೆಗೆ ಬೀಸುವ ಮೂಡಣ ಗಾಳಿ ನೆಲದಿಂದ ಕಡಲಿನತ್ತ ಹೋಗುವುದರಿಂದ ಅಲೆಗಳು ತಗ್ಗಿ ದಡದ ನೀರು ತಿಳಿಯಾಗುತ್ತದೆ. ಮಧ್ಯಾಹ್ನವಾಗುತ್ತಲೇ ವಾಯವ್ಯದಿಂದ ಕಡಲಗಾಳಿ ಎದ್ದು ಅದೇ ನೀರನ್ನು ಕಲಕುತ್ತದೆ. ಹೀಗಾಗಿ ದಡದವನಿಗೆ ದಿನದಲ್ಲಿ ಸಿಗುವ ಒಳ್ಳೆಯ ಹೊತ್ತು ಕೆಲವೇ ಗಂಟೆಗಳು. ಆ ಗಂಟೆಗಳಲ್ಲಿ ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದರ ಮೇಲೆ ಅವನ ಅಂದಿನ ದುಡಿಮೆ ನಿಂತಿದೆ.

ಅಮಾವಾಸ್ಯೆ ಹುಣ್ಣಿಮೆಗಳ ಸುತ್ತ ನಮ್ಮ ದಡದಲ್ಲಿ ಉಬ್ಬರವು ಸುಮಾರು ನಡು ಹಗಲಿಗೂ ನಡುರಾತ್ರಿಗೂ ಬರುತ್ತದೆ. ಎಂದರೆ ನಸುಕಿನಲ್ಲಿ ನೀರು ತೀರಾ ಇಳಿದಿದ್ದು, ಗಾಳಿ ಸುಮ್ಮನಿರುವ ಬೆಳಗಿನುದ್ದಕ್ಕೂ ಏರುತ್ತಾ ಹೋಗುತ್ತದೆ. ಅಷ್ಟಮಿಯ ಹೊತ್ತಿಗೆ ಇದು ತಿರುವುಮುರುವಾಗುತ್ತದೆ: ನಸುಕಿನಲ್ಲಿ ನೀರು ತುಂಬಿರುತ್ತದೆ, ಬೆಳಗೆಲ್ಲ ಇಳಿಯುತ್ತದೆ. ಇಳಿಯುವ ನೀರು ಹೊಳೆಯೊಳಗಿನ ಸಿಗಡಿಯನ್ನೂ ಮರಿಮೀನನ್ನೂ ಹೊರಗೆ ತರುವುದರಿಂದ, ಅಳಿವೆಯ ಬಾಯಲ್ಲಿ ಕೆಂಬೇರಿ, ಕೊಕ್ಕರ್‌ಗಳಿಗೆ ಗಾಳ ಹಾಕುವವರು ಆ ದಿನಗಳನ್ನು ಬಿಟ್ಟುಕೊಡುವುದಿಲ್ಲ. ಉಬ್ಬರದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ ಎಂಬ ಲೆಕ್ಕ ಹಿರಿಯರಿಗೆ ಬಾಯಿಪಾಠ. ಹೊಸಬರಿಗೆ ಅದು ಗೊತ್ತಿಲ್ಲ. ಹಿರಿಯರ ಲೆಕ್ಕವೂ ಅಂದಾಜಿನದೇ, ಏಕೆಂದರೆ ನಮ್ಮ ಕಡಲಲ್ಲಿ ದಿನದ ಎರಡು ಉಬ್ಬರಗಳು ಒಂದೇ ಎತ್ತರಕ್ಕೆ ಬರುವುದಿಲ್ಲ. ಈ ವೇಳೆ ಮತ್ತು ಎತ್ತರಗಳನ್ನು ಸರ್ವೆ ಆಫ್ ಇಂಡಿಯಾ ವರ್ಷಕ್ಕೆ ಮೊದಲೇ ಲೆಕ್ಕಹಾಕಿ ಪುಸ್ತಕವಾಗಿ ಪ್ರಕಟಿಸುತ್ತದೆ. ಸೂರ್ಯೋದಯ, ರಾಹುಕಾಲಗಳನ್ನು ತಪ್ಪದೆ ಮುದ್ರಿಸುವ ಪತ್ರಿಕೆಗೆ ಇದಕ್ಕೊಂದು ಸಾಲು ಹೊರೆಯಾಗಲಾರದು.

ಇನ್ನು ಮರಳಿನ ವಿಚಾರ. ಮಳೆಗಾಲದ ಅಬ್ಬರಕ್ಕೆ ದಡದಿಂದ ಕೊಚ್ಚಿಹೋದ ಮರಳು ಸ್ವಲ್ಪ ಹೊರಗೆ ದಿಬ್ಬವಾಗಿ ಕೂತು, ಅಕ್ಟೋಬರ್ ನಂತರ ನಿಧಾನವಾಗಿ ಮರಳಿ ಬರುತ್ತದೆ. ಮರಳು ಹೀಗೆ ಹಿಂತಿರುಗುವ ತಿಂಗಳುಗಳಲ್ಲಿ ದಿಬ್ಬಕ್ಕೂ ದಡಕ್ಕೂ ನಡುವೆ ಉದ್ದನೆಯ ತಗ್ಗು ಉಳಿದಿರುತ್ತದೆ. ಮರಳಿನ ಹುಳು, ಸಣ್ಣ ಸಿಗಡಿಗಳನ್ನು ಹುಡುಕಿ ಕಾಣೆ ಮೀನು ಬರುವುದು ಅಲ್ಲಿಗೆ. ದಿಬ್ಬ ಕಡಿದುಹೋದ ಕಡೆ ತಗ್ಗಿನ ನೀರು ಹೊರಕ್ಕೆ ರಭಸದಿಂದ ನುಗ್ಗುತ್ತದೆ. ಸುತ್ತ ಅಲೆ ಒಡೆಯುತ್ತಿದ್ದರೂ ಅಲೆ ಒಡೆಯದೆ ಕಪ್ಪಾಗಿ ಕಾಣುವ ಆ ಪಟ್ಟಿಯನ್ನು ನೋಡಿ ಗಾಳದವನು ಗಾಳ ಎಸೆಯುತ್ತಾನೆ. ಇಲ್ಲಿ ನೀರು ಸುಮ್ಮನಿದೆ ಎಂದುಕೊಂಡು ಪ್ರವಾಸಿ ಅದೇ ಜಾಗದಲ್ಲಿ ಇಳಿಯುತ್ತಾನೆ. ಕ್ರಿಸ್ಮಸ್ ರಜೆಯಲ್ಲಿ ಪ್ರವಾಸಿಗರು ನೀರಿನಲ್ಲಿ ಮುಳುಗಿದ ಸುದ್ದಿಗಳನ್ನು ಓದುವಾಗಲೆಲ್ಲ, ಈ ಗುರುತನ್ನು ಒಂದು ಚಿತ್ರದೊಡನೆ ವಿವರಿಸಿದ್ದರೆ ಎಷ್ಟು ಉಪಯೋಗವಾಗುತ್ತಿತ್ತು ಎಂದು ನನಗೆ ಅನ್ನಿಸುತ್ತದೆ.

‘ಕಡಲು ಶಾಂತ’ ಎಂಬ ಮಾತು ಚಳಿಗಾಲದಲ್ಲಿ ಪೂರ್ತಿ ನಿಜವೂ ಅಲ್ಲ. ಪರ್ಷಿಯಾ ಕೊಲ್ಲಿಯ ಕಡೆ ಶಮಾಲ್ ಎಂಬ ವಾಯವ್ಯದ ಗಾಳಿ ಜೋರಾದಾಗ ಅಲ್ಲೆದ್ದ ಅಲೆಗಳು ವಾಯವ್ಯದಿಂದ ನಮ್ಮ ಪಶ್ಚಿಮ ಕರಾವಳಿಯವರೆಗೂ ಬರುತ್ತವೆ. ಇಲ್ಲಿ ಗಾಳಿಯೇ ಇಲ್ಲದ ಬೆಳಗಿನಲ್ಲೂ ದಡದಲ್ಲಿ ಅಲೆ ಎದ್ದಿರುತ್ತದೆ. 2017ರ ಡಿಸೆಂಬರ್ ಮೊದಲ ವಾರದಲ್ಲಿ ಒಖಿ ಚಂಡಮಾರುತ ನಮ್ಮಿಂದ ನೂರಾರು ಕಿಲೋಮೀಟರ್ ದೂರದಲ್ಲಿ ಸಾಗಿದರೂ ಉಳ್ಳಾಲ ಮೊದಲಾದೆಡೆ ದೊಡ್ಡ ಅಲೆಗಳು ದಡಕ್ಕೆ ನುಗ್ಗಿದ್ದು ಓದುಗರಿಗೆ ನೆನಪಿರಬಹುದು. ಇದರೊಂದಿಗೆ, ನವೆಂಬರ್‌ನಿಂದ ಫೆಬ್ರವರಿಯವರೆಗೆ ಕರಾವಳಿಯ ಉದ್ದಕ್ಕೂ ನೀರು ಉತ್ತರದ ಕಡೆಗೆ ಹರಿಯುತ್ತದೆ. ಈ ಸೆಳೆತ ಬಲವಾದ ದಿನ ಕೈರಂಪಣಿ ಬಲೆ ನೇರ ನಿಲ್ಲದೆ ವಾಲುತ್ತದೆ. ಮೀನಿನ ಗುಂಪು ಕಣ್ಣೆದುರಿದ್ದರೂ ಎಳೆದವರ ಶ್ರಮ ವ್ಯರ್ಥವಾಗುತ್ತದೆ.

ಸಾಗರದ ಮಾಹಿತಿ ನೀಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಮೀನು ಸಿಗಬಹುದಾದ ವಲಯಗಳನ್ನು ಕನ್ನಡದಲ್ಲೂ ತಿಳಿಸುತ್ತದೆ ಎಂದು ಯಾರಾದರೂ ಹೇಳಬಹುದು. ಅದು ಒಳ್ಳೆಯ ಸೇವೆ; ಮೋಡವಿಲ್ಲದ ಚಳಿಗಾಲದ ಆಕಾಶ ಉಪಗ್ರಹಕ್ಕೂ ಅನುಕೂಲ. ಆದರೆ ನೀರಿನ ಬಣ್ಣ ಮತ್ತು ಉಷ್ಣತೆಯನ್ನು ನೋಡಿ ಮಾಡುವ ಆ ಲೆಕ್ಕ, ಹೊಳೆಗಳ ಕೆಸರು ಬೆರೆತ ದಡದ ನೀರಿನಲ್ಲಿ ಅಷ್ಟು ಚೆನ್ನಾಗಿ ಹೊಂದುವುದಿಲ್ಲ. ದಡದವರಿಗೆ ಉಪಯೋಗವಾಗುವುದು ಅದೇ ಸಂಸ್ಥೆಯ ಅಲೆ ಮತ್ತು ಗಾಳಿಯ ಮುನ್ಸೂಚನೆ. ಬೋಟಿನವರ ಮೊಬೈಲಿನಲ್ಲಿ ಅದು ಇದೆ, ಬಲೆ ಎಳೆಯುವ ಅನೇಕ ಹಿರಿಯರ ಕೈಯಲ್ಲಿರುವುದು ಇನ್ನೂ ಪತ್ರಿಕೆಯೇ.

ರಾತ್ರಿ ನೀಲಿಯಾಗಿ ಹೊಳೆಯುವ ಕಡಲಿನ ಚಿತ್ರಗಳನ್ನು ಪತ್ರಿಕೆಗಳು ವಿಸ್ಮಯವೆಂದು ಪ್ರಕಟಿಸುವುದುಂಟು. ಆ ಬೆಳಕಿಗೆ ಕಾರಣವಾದ ನಾಕ್ಟಿಲುಕಾ ಎಂಬ ಏಕಕೋಶ ಜೀವಿ ತನ್ನೊಳಗೆ ಅಮೋನಿಯಾ ತುಂಬಿಕೊಂಡಿರುತ್ತದೆ. ಅದು ದಟ್ಟವಾಗಿ ಹಬ್ಬಿದ ನೀರಿನಿಂದ ಮೀನು ದೂರ ಸರಿಯುತ್ತದೆ. ಚಿತ್ರದ ಕೆಳಗೆ ಇಷ್ಟನ್ನು ಸೇರಿಸಿ, ಕಂಡ ಜಾಗ ಮತ್ತು ದಿನವನ್ನು ಬರೆದರೆ ಮರುದಿನ ಎಲ್ಲಿ ಬಲೆ ಬಿಡಬಾರದೆಂಬುದು ತಿಳಿಯುತ್ತದೆ.

ನನ್ನ ಕೋರಿಕೆ ಇಷ್ಟೇ: ಮಂಗಳೂರು, ಮಲ್ಪೆ, ಕಾರವಾರಗಳ ಉಬ್ಬರ ಇಳಿತದ ವೇಳೆ ಮತ್ತು ಎತ್ತರ, ಅಲೆಯ ಎತ್ತರ ಮತ್ತು ಅದು ಬರುವ ದಿಕ್ಕು, ಬೆಳಗಿನ ಹಾಗೂ ಮಧ್ಯಾಹ್ನದ ಗಾಳಿ. ಕರಾವಳಿ ಆವೃತ್ತಿಯಲ್ಲಿ ಮಾತ್ರ ಹಾಕಿದರೂ ಸಾಕು. ಬಲೆಯವರು ನಸುಕಿನಲ್ಲೇ ದಡಕ್ಕೆ ಹೋಗುವುದರಿಂದ, ಅಂದಿನದರ ಬದಲು ಮರುದಿನದ ವಿವರವನ್ನು ಮುದ್ರಿಸಬೇಕಾಗಿ ವಿನಂತಿ.

ಇಂತಿ,
ಗಂಗೊಳ್ಳಿಯ ಓದುಗ