ಸೊಂಟ ಮುರಿದವರನ್ನು ನೋವಿನಲ್ಲಿ ಕಾಯಿಸಬೇಡಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ಸಾದರ ನಮಸ್ಕಾರಗಳು.

ಹಲವು ವರ್ಷಗಳಿಂದ ಅರಿವಳಿಕೆ ತಜ್ಞೆಯಾಗಿ ದುಡಿಯುತ್ತಿರುವ ನಾನು ಒಂದೇ ಒಂದು ಬೇಡಿಕೆಯನ್ನು ತಮ್ಮ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ. ಬಿದ್ದು ಸೊಂಟ ಮುರಿದುಕೊಂಡು ಬರುವ ರೋಗಿಗಳಿಗೆ, ಶಸ್ತ್ರಚಿಕಿತ್ಸೆಯ ದಿನದವರೆಗೆ ಕಾಯಿಸದೆ, ತುರ್ತು ವಿಭಾಗದಲ್ಲೇ ನರದ ಬಳಿ ಮದ್ದು ಕೊಟ್ಟು ನೋವು ತಡೆಯುವ ಏರ್ಪಾಡು ಆಗಬೇಕು. ವೈದ್ಯರ ಮಾತಿನಲ್ಲಿ ಇದಕ್ಕೆ ‘ನರ್ವ್ ಬ್ಲಾಕ್’ ಎಂದು ಹೆಸರು.

ಜನ ‘ಸೊಂಟ ಮುರಿದಿದೆ’ ಎನ್ನುವಾಗ ಹೆಚ್ಚಾಗಿ ಮುರಿದಿರುವುದು ತೊಡೆಮೂಳೆಯ ಮೇಲ್ತುದಿ. ಹಾಗೆ ಮುರಿದುಕೊಂಡ ವೃದ್ಧರೊಬ್ಬರನ್ನು ಸ್ಟ್ರೆಚರ್‌ನಿಂದ ಎಕ್ಸ್‌ರೇ ಮೇಜಿಗೆ ಎತ್ತಿ ಹಾಕುವುದನ್ನು ತಾವು ಒಮ್ಮೆ ಹತ್ತಿರ ನಿಂತು ನೋಡಬೇಕೆಂದು ನನ್ನ ಪ್ರಾರ್ಥನೆ. ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ವಾಲಿಕೊಂಡಿರುತ್ತದೆ. ನಾಲ್ಕು ಜನ ಹಾಸಿದ ಬಟ್ಟೆಯ ನಾಲ್ಕು ಮೂಲೆ ಹಿಡಿದು, ಒಂದು ಎರಡು ಮೂರು ಎಂದು ಎಣಿಸಿ ಎತ್ತುತ್ತಾರೆ. ‘ಎರಡು’ ಎನ್ನುವಷ್ಟರಲ್ಲೇ ಆ ಜೀವ ಪಕ್ಕದವರ ತೋಳನ್ನು ಉಗುರು ನಾಟುವಂತೆ ಹಿಡಿದುಕೊಂಡಿರುತ್ತದೆ. ಶಸ್ತ್ರಚಿಕಿತ್ಸೆ ಮುಗಿಯುವುದರೊಳಗೆ ಇಂಥ ಎತ್ತುವಿಕೆ ಎಷ್ಟು ಸಲ ನಡೆಯುತ್ತದೆಂದು ಲೆಕ್ಕ ಹಾಕಿ: ಎಕ್ಸ್‌ರೇಗೆ, ವಾರ್ಡಿಗೆ, ಬೆಡ್‌ಪ್ಯಾನ್ ಇಡುವಾಗ, ಬಟ್ಟೆ ಬದಲಿಸುವಾಗ, ಕೊನೆಗೆ ಬೆನ್ನಿಗೆ ಅರಿವಳಿಕೆಯ ಇಂಜೆಕ್ಷನ್ ಕೊಡಲೆಂದು ಮಗ್ಗುಲಿಗೆ ತಿರುಗಿಸುವಾಗ.

ಈ ನೋವಿಗೆ ನಾವು ಸಾಮಾನ್ಯವಾಗಿ ಕೊಡುವುದು ಪ್ಯಾರಾಸಿಟಮಾಲ್, ಅದರ ಮೇಲೆ ಮಾರ್ಫಿನ್ ಜಾತಿಯ ಮದ್ದು. ಮಲಗಿದ್ದಾಗಿನ ನೋವನ್ನು ಅವು ತಗ್ಗಿಸುತ್ತವೆ. ಅಲುಗಿಸಿದಾಗಿನ ನೋವಿಗೆ ಸಾಲುವುದಿಲ್ಲ. ಸಾಲುವಷ್ಟು ಕೊಡಲು ಹೋದರೆ ವಯಸ್ಸಾದವರಿಗೆ ಮಂಪರು ಕವಿದು ಉಸಿರಾಟ ನಿಧಾನವಾಗುತ್ತದೆ, ವಾಂತಿಯಾಗುತ್ತದೆ, ಮಲಬದ್ಧತೆ ಕಾಡುತ್ತದೆ, ಕೆಲವರು ತಾವೆಲ್ಲಿದ್ದೇವೆಂಬುದೇ ತಿಳಿಯದೆ ಗೊಂದಲಕ್ಕೆ ಬೀಳುತ್ತಾರೆ. ಆ ಅಳುಕಿನಿಂದ ಅರೆ ಡೋಸ್ ಕೊಟ್ಟು ಸುಮ್ಮನಾಗುವ ವೈದ್ಯರನ್ನು ನಾನು ದೂರಲಾರೆ, ಏಕೆಂದರೆ ನಾನೂ ಹಾಗೆ ಮಾಡಿದ್ದೇನೆ.

ಬ್ಲಾಕ್ ಕೆಲಸ ಮಾಡುವ ಬಗೆ ಬೇರೆ. ನೋವಿನ ಸುದ್ದಿ ನರದ ಉದ್ದಕ್ಕೂ ಸಾಗುವುದು ಸೋಡಿಯಂ ಕಣಗಳು ನರತಂತುವಿನೊಳಗೆ ನುಗ್ಗುವುದರಿಂದ. ಲಿಡೊಕೇನ್, ಬುಪಿವಕೇನ್, ರೋಪಿವಕೇನ್‌ನಂಥ ಮದ್ದುಗಳು ಆ ಕಣಗಳು ಒಳನುಗ್ಗುವ ಬಾಗಿಲುಗಳನ್ನು ಕೆಲವು ಗಂಟೆಗಳ ಕಾಲ ಮುಚ್ಚುತ್ತವೆ. ಮಿದುಳು ಎಚ್ಚರವಾಗಿರುತ್ತದೆ, ಉಸಿರು ಎಂದಿನಂತೆ ನಡೆಯುತ್ತದೆ. ಸೊಂಟದ ಮುರಿತಕ್ಕೆ ಹೆಚ್ಚಾಗಿ ಬಳಸುವ ‘ಫೇಶಿಯಾ ಇಲಿಯಾಕಾ ಬ್ಲಾಕ್’ನಲ್ಲಿ ತೊಡೆಸಂದಿನ ಹತ್ತಿರ, ಸ್ನಾಯುವನ್ನು ಹೊದ್ದಿರುವ ತೆಳು ಪೊರೆಯ ಕೆಳಗೆ, ನೀರಾಗಿಸಿದ ಮದ್ದನ್ನು 30ರಿಂದ 40 ಮಿಲಿಲೀಟರ್‌ನಷ್ಟು ಬಿಡುತ್ತೇವೆ. ಅಲ್ಟ್ರಾಸೌಂಡ್ ಪರದೆಯಲ್ಲಿ ಸೂಜಿ ಬೆಳ್ಳಗೆ ಗೆರೆ ಎಳೆದಂತೆ ಇಳಿಯುತ್ತದೆ. ಪೊರೆಯನ್ನು ದಾಟಿದ ತಕ್ಷಣ ಮದ್ದು ಕಪ್ಪಗೆ ಹರಡಿಕೊಂಡು ಆ ಪೊರೆಯನ್ನು ಸ್ನಾಯುವಿನಿಂದ ಮೆಲ್ಲಗೆ ಎಬ್ಬಿಸುವುದು ಕಾಣುತ್ತದೆ. ಅರ್ಧ ಗಂಟೆ ಬಿಟ್ಟು ಅದೇ ಕಾಲನ್ನು ಅಲುಗಿಸಿ ನೋಡಿದರೆ, ಮುಷ್ಟಿ ಬಿಗಿಹಿಡಿದಿದ್ದವರು ಎಷ್ಟೋ ಸಲ ‘ಈಗ ಪರವಾಗಿಲ್ಲ’ ಎನ್ನುತ್ತಾರೆ. ನೋವು ಪೂರ್ತಿ ಮಾಯವಾಗುತ್ತದೆಂದು ನಾನು ಹೇಳಲಾರೆ. ಸೊಂಟದ ಕೀಲಿಗೆ ಹಲವು ನರಗಳ ಕವಲುಗಳಿದ್ದು, ಎಲ್ಲವೂ ಒಂದೇ ಬ್ಲಾಕ್‌ಗೆ ಸಿಗುವುದಿಲ್ಲ.

ಇದು ಹೊಸ ಪ್ರಯೋಗವೆಂದು ಯಾರಾದರೂ ತಮಗೆ ಹೇಳಿದರೆ ದಯವಿಟ್ಟು ನಂಬಬೇಡಿ. ಆಸ್ಟ್ರಿಯಾದ ಕಣ್ಣಿನ ವೈದ್ಯ ಕಾರ್ಲ್ ಕೋಲರ್ ಕೊಕೇನ್ ಹನಿಯಿಂದ ಕಣ್ಣನ್ನು ಮರಗಟ್ಟಿಸಿ ತೋರಿಸಿದ್ದು 1884ರಲ್ಲಿ. ಜರ್ಮನಿಯ ಶಸ್ತ್ರಚಿಕಿತ್ಸಕ ಆಗಸ್ಟ್ ಬಿಯರ್ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಮದ್ದು ಕೊಟ್ಟು ಶಸ್ತ್ರಚಿಕಿತ್ಸೆ ಮಾಡಿದ್ದು 1898ರಲ್ಲಿ. 1994ರಲ್ಲಿ ವಿಯೆನ್ನಾದ ವೈದ್ಯರು ಅಲ್ಟ್ರಾಸೌಂಡ್ ನೋಡಿಕೊಂಡೇ ತೋಳಿನ ನರಗಳಿಗೆ ಬ್ಲಾಕ್ ಕೊಟ್ಟ ವರದಿ ಪ್ರಕಟಿಸಿದ ಮೇಲೆ, ಅಂದಾಜಿನ ಕೆಲಸ ಕಣ್ಣೆದುರಿನ ಕೆಲಸವಾಗತೊಡಗಿತು. ಸೊಂಟದ ಮುರಿತದ ಬಗ್ಗೆಯೇ 2020ರಲ್ಲಿ ಬಂದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಅಳೆಯುವ ಕಾಕ್ರೇನ್ ಸಮೀಕ್ಷೆ, ಬ್ಲಾಕ್ ಕೊಟ್ಟ 30 ನಿಮಿಷದೊಳಗೆ ಅಲುಗಾಟದ ನೋವು ಕಡಿಮೆಯಾಗುವುದನ್ನೂ, ರೋಗಿ ಗೊಂದಲಕ್ಕೆ ಬೀಳುವ ಅಪಾಯ ತಗ್ಗುವುದನ್ನೂ ದಾಖಲಿಸಿದೆ.

ಹಾಗಿದ್ದರೂ ಇದು ಸಿಗುವುದು ಅಂದು ಡ್ಯೂಟಿಯಲ್ಲಿ ಯಾರಿದ್ದಾರೆ ಎಂಬುದರ ಮೇಲೆ ನಿಂತಿದೆ. ಬ್ಲಾಕ್ ಬಲ್ಲವರು ಆಪರೇಷನ್ ಥಿಯೇಟರಿನೊಳಗೆ ಇರುತ್ತಾರೆ, ನೋವು ತುರ್ತು ವಿಭಾಗದಲ್ಲಿ ಮಲಗಿರುತ್ತದೆ. ಬ್ರಿಟನ್ನಿನಲ್ಲಿ ತರಬೇತಿ ಪಡೆದ ತುರ್ತು ಚಿಕಿತ್ಸಾ ವೈದ್ಯರೂ ನರ್ಸ್‌ಗಳೂ ಈ ಬ್ಲಾಕ್ ಕೊಡುತ್ತಾರೆ. ನಮ್ಮವರಿಗೂ ಕಲಿಸಲು ನನ್ನಂಥವರು ಸಿದ್ಧರಿದ್ದೇವೆ. ಕಲಿಯಲು ಬರುವವರನ್ನು ಡ್ಯೂಟಿಯಿಂದ ಬಿಡುಗಡೆ ಮಾಡುವ ಆದೇಶ ಮಾತ್ರ ತಮ್ಮಿಂದಲೇ ಬರಬೇಕು. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಿರುವವರ ಶಸ್ತ್ರಚಿಕಿತ್ಸೆ ಕೆಲವೊಮ್ಮೆ ಮುಂದಕ್ಕೆ ಹೋಗುವುದರಿಂದ ಅವರಿಗೆ ಇದು ಇನ್ನೂ ಅಗತ್ಯ. ಬ್ಲಾಕ್ ಕೊಡುವ ಜಾಗ ಚರ್ಮಕ್ಕೆ ಹತ್ತಿರವಿದ್ದು, ರಕ್ತ ಒಸರಿದರೆ ಒತ್ತಿ ಹಿಡಿಯಬಹುದಾದ್ದರಿಂದ, ಬೆನ್ನಿನ ಇಂಜೆಕ್ಷನ್ ಕೊಡಲಾಗದ ಹೊತ್ತಿನಲ್ಲೂ ವೈದ್ಯರು ಅಳೆದು ತೂಗಿ ಬ್ಲಾಕ್ ಕೊಡಲು ಸಾಧ್ಯವಿದೆ.

ಅಪಾಯಗಳನ್ನು ಮುಚ್ಚಿಟ್ಟು ನಾನು ಬೇಡಿಕೆ ಇಡುವುದಿಲ್ಲ. ಹಿಂದೆ ನಾನಿದ್ದ ಆಸ್ಪತ್ರೆಯೊಂದರಲ್ಲಿ ಸೂಜಿ ಕೈಯಲ್ಲಿ ಹಿಡಿದು ತಪ್ಪು ಕಾಲಿನ ಪಕ್ಕ ನಿಂತಿದ್ದೆ. ರೋಗಿಯನ್ನು ಸರಿಸಿ ಮಲಗಿಸುವಾಗ ಹೊದಿಕೆ ಜಾರಿ ಶಸ್ತ್ರಚಿಕಿತ್ಸಕರು ಹಾಕಿದ್ದ ಶಾಯಿಯ ಗುರುತನ್ನು ಮುಚ್ಚಿತ್ತು. ಮೆಷಿನ್ ಹೊಂದಿಸುವ ಗಡಿಬಿಡಿಯಲ್ಲಿ ಮೊದಲು ಕೇಳಿದ್ದ ‘ಎಡವೋ ಬಲವೋ’ ಮರೆತೇ ಹೋಗಿತ್ತು. ‘ಮೇಡಂ, ಆ ಕಡೆ’ ಎಂದು ನರ್ಸ್ ಹೇಳಿದ ಆ ಮೂರು ಮಾತು ಇಂದಿಗೂ ನನ್ನ ಕಿವಿಯಲ್ಲಿವೆ. ಸೂಜಿ ಚುಚ್ಚುವ ಮುಂಚಿನ ಕ್ಷಣದಲ್ಲಿ ವೈದ್ಯರು, ನರ್ಸ್ ಇಬ್ಬರೂ ನಿಂತು, ಗುರುತನ್ನು ಕಣ್ಣಾರೆ ನೋಡಿ, ಬಾಯಿಬಿಟ್ಟು ಹೇಳಿಯೇ ಮುಂದುವರಿಯಬೇಕೆಂಬ ನಿಯಮ ಎಲ್ಲ ಆಸ್ಪತ್ರೆಗಳಲ್ಲೂ ಕಡ್ಡಾಯವಾಗಲಿ.

ಇನ್ನೊಂದು ಅಪಾಯ ಅಪರೂಪದ್ದು, ಆದರೆ ಜೀವಕ್ಕೇ ಕುತ್ತು ತರುವಂಥದ್ದು. ಮದ್ದು ರಕ್ತಕ್ಕೆ ಹೆಚ್ಚಾಗಿ ಸೇರಿದರೆ ಬಾಯಿಯ ಸುತ್ತ ಜುಮುಗುಟ್ಟಿ, ಕಿವಿ ಗುಂಯ್‌ಗುಡುತ್ತದೆ. ಮುಂದೆ ಫಿಟ್ಸ್ ಬರಬಹುದು, ಹೃದಯ ನಿಲ್ಲಬಹುದು. ಆದ್ದರಿಂದ ರೋಗಿಯ ತೂಕ ನೋಡಿ ಡೋಸ್ ನಿರ್ಧರಿಸಬೇಕು, ಮಾನಿಟರ್ ಹಚ್ಚಿರಬೇಕು, ಸ್ವಲ್ಪಸ್ವಲ್ಪವಾಗಿ, ನಡುನಡುವೆ ಸಿರಿಂಜಿನ ದಂಡ ಹಿಂದೆಳೆದು ರಕ್ತ ಬರುತ್ತದೆಯೇ ಎಂದು ನೋಡುತ್ತಾ ಕೊಡಬೇಕು. ಇದಕ್ಕೆ ಚಿಕಿತ್ಸೆಯೂ ಇದೆ: ಉಸಿರಾಟಕ್ಕೆ ಆಸರೆ ಕೊಡುತ್ತಾ, ಶೇ. 20ರ ಲಿಪಿಡ್ ಎಮಲ್ಷನ್ನನ್ನು, ಅಂದರೆ ಹಾಲಿನಂಥ ಕೊಬ್ಬಿನ ದ್ರವವನ್ನು, ಮೊದಲಿಗೆ ಕಿಲೋ ತೂಕಕ್ಕೆ 1.5 ಮಿಲಿಲೀಟರ್‌ನಂತೆ ರಕ್ತನಾಳಕ್ಕೆ ಕೊಡುವುದು. ಆ ಬಾಟಲಿ ಉಗ್ರಾಣದ ಬೀಗದ ಹಿಂದಿದ್ದರೆ ಇದ್ದೂ ಇಲ್ಲದಂತೆ. ಬ್ಲಾಕ್ ಕೊಡುವ ಕೋಣೆಯಲ್ಲೇ, ಕೈಗೆ ಸಿಗುವಂತೆ ಇರಬೇಕು.

ಬ್ಲಾಕ್ ಕೊಟ್ಟ ಮೇಲಿನ ಆರೈಕೆಯನ್ನೂ ಆದೇಶದಲ್ಲಿ ಬರೆಸಿ. ಮದ್ದಿನ ಪ್ರಭಾವ ಇಳಿದಾಗ, ಅದೂ ನಡುರಾತ್ರಿಯಲ್ಲಿ ಇಳಿದಾಗ, ನೋವು ಒಮ್ಮೆಲೇ ಮರಳುತ್ತದೆ. ಅಷ್ಟರಲ್ಲಿ ಬೇರೆ ನೋವುನಿವಾರಕ ಹೊತ್ತುಹೊತ್ತಿಗೆ ನಡೆದಿರಬೇಕು, ಶಸ್ತ್ರಚಿಕಿತ್ಸೆ ತಡವಾದರೆ ಬ್ಲಾಕನ್ನು ಮತ್ತೆ ಕೊಡಬೇಕು. ಮರಗಟ್ಟಿದ ಕಾಲಿಗೆ ಒತ್ತುಹುಣ್ಣಿನ ನೋವೂ ತಿಳಿಯದಿರಬಹುದಾದ್ದರಿಂದ ಹಿಮ್ಮಡಿಯ ಕೆಳಗೆ ಮೆತ್ತೆ ಇಡಬೇಕು.

ಮೊದಲ ಹೆಜ್ಜೆಯಾಗಿ ಸೊಂಟದ ಮುರಿತದ ಕೇಸ್ ಶೀಟಿನಲ್ಲಿ ಮೂರು ಅಂಕಣ ಸೇರಿಸಲು ಆದೇಶಿಸಬೇಕೆಂದು ವಿನಂತಿಸುತ್ತೇನೆ: ರೋಗಿ ಬಂದ ಹೊತ್ತು, ಬ್ಲಾಕ್ ಕೊಟ್ಟ ಹೊತ್ತು, ಕಾಲು ಅಲುಗಿಸಿದಾಗ ಅವರೇ ಹೇಳಿದ ನೋವಿನ ಅಂಕಿ. ಆರು ತಿಂಗಳ ಬಳಿಕ ಆ ಹಾಳೆಗಳನ್ನು ತರಿಸಿ ತಾವೇ ಓದಿ ನೋಡಿ.

ಗೌರವಗಳೊಂದಿಗೆ,
ತಮ್ಮ ವಿಶ್ವಾಸಿ,
ಒಬ್ಬ ಅರಿವಳಿಕೆ ತಜ್ಞೆ